ಕಿಸೆಯೊಳಗಿನ ಆಕಾಶ: ಮಹಾಗಡಿಯಾರಗಳೂ ಅವುಗಳ ಒಡೆಯರೂ

1783ರಲ್ಲಿ ಪ್ಯಾರಿಸಿನ ಗಡಿಯಾರ ತಯಾರಕ ಅಬ್ರಹಾಂ-ಲೂಯಿ ಬ್ರೆಗೆಯ ಕಾರ್ಯಾಗಾರಕ್ಕೆ ಅಪರೂಪದ ಬೇಡಿಕೆಯೊಂದು ಬಂದಿತು. ಫ್ರಾನ್ಸಿನ ರಾಣಿ ಮರೀ ಆಂತ್ವಾನೆತ್‌ಗಾಗಿ ಒಂದು ಕಿಸೆಗಡಿಯಾರ ಬೇಕು. ಅಂದಿನವರೆಗೆ ತಿಳಿದಿದ್ದ ಎಲ್ಲ ಯಂತ್ರಕೌಶಲಗಳೂ ಅದರಲ್ಲಿ ಅಡಗಿರಬೇಕು. ಸಾಧ್ಯವಿದ್ದೆಡೆಯೆಲ್ಲ ಬೇರೆ ಲೋಹಗಳ ಬದಲು ಚಿನ್ನವನ್ನೇ ಬಳಸಬೇಕು. ವೆಚ್ಚಕ್ಕೆ ಮಿತಿಯಿಲ್ಲ, ಅವಧಿಗೂ ಮಿತಿಯಿಲ್ಲ. ಈ ಬೇಡಿಕೆಯನ್ನು ತಂದವನು ರಾಣಿಯ ಕಾವಲುಪಡೆಯ ಒಬ್ಬ ಅಧಿಕಾರಿ ಎಂದು ಹೇಳಲಾಗಿದೆ. ವೆಚ್ಚಕ್ಕೆ ಮಿತಿಯಿಲ್ಲವೆಂಬ ಮಾತು ಅರಮನೆಗಳ ಲೋಕದಲ್ಲಿ ಹೊಸದೇನೂ ಆಗಿರಲಿಲ್ಲ. ಅವಧಿಗೆ ಮಿತಿಯಿಲ್ಲವೆಂಬ ಮಾತು ಮಾತ್ರ ಬೇರೆಯದು. ಕಾಲವನ್ನು ಅಳೆಯಲೆಂದೇ ತಯಾರಾಗುವ ವಸ್ತುವಿಗೆ ಕಾಲದ ಗಡುವು ಬೇಡವೆಂದು ಬರೆಸುವಾಗ, ಆ ಗಡುವನ್ನು ವಿಧಿಸುವ ಅಧಿಕಾರ ತನ್ನದೇ ಎಂಬ ನಂಬಿಕೆ ಬರೆಸಿದವನಲ್ಲಿ ಇದ್ದಿರಬೇಕು.

ಆರು ವರ್ಷಗಳಲ್ಲಿ ಫ್ರಾನ್ಸಿನ ಕ್ರಾಂತಿ ಆರಂಭವಾಯಿತು. ಬಂಧನದಲ್ಲಿದ್ದ ರಾಣಿ ತನಗೆ ಬ್ರೆಗೆ ತಯಾರಿಸಿದ ಸರಳವಾದ ಒಂದು ಗಡಿಯಾರ ಬೇಕೆಂದು ಕೇಳಿ ತರಿಸಿಕೊಂಡಳೆಂಬ ಮಾತು ಪ್ರಚಲಿತವಾಗಿದೆ. ಜಗತ್ತಿನ ಅತ್ಯಂತ ಜಟಿಲವಾದ ಗಡಿಯಾರ ಯಾರ ಹೆಸರಿನಲ್ಲಿ ರೂಪುಗೊಳ್ಳುತ್ತಿತ್ತೋ ಆಕೆಗೆ ಸೆರೆಮನೆಯಲ್ಲಿ ಬೇಕಾಗಿದ್ದುದು ಗಂಟೆ ತಿಳಿಸುವ ಒಂದು ಸಾಧನ ಮಾತ್ರ. 1793ರ ಅಕ್ಟೋಬರ್ 16ರಂದು ಆಕೆಯ ಶಿರಚ್ಛೇದವಾಯಿತು. ಅದೇ ವರ್ಷ ಬ್ರೆಗೆ ಪ್ರಾಣಭಯದಿಂದ ತನ್ನ ಹುಟ್ಟುನಾಡಾದ ಸ್ವಿಟ್ಜರ್ಲೆಂಡಿಗೆ ತೆರಳಿ, 1795ರಲ್ಲಿ ಮರಳಿದನು. 1823ರಲ್ಲಿ ಅವನೂ ತೀರಿಕೊಂಡನು. 160 ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ಆ ಗಡಿಯಾರ ಪೂರ್ಣಗೊಂಡದ್ದು 1827ರಲ್ಲಿ, ಅವನ ಮಗ ಆಂತ್ವಾನ್-ಲೂಯಿಯ ಕಾಲದಲ್ಲಿ. ಬೇಡಿಕೆ ಬಂದು 44 ವರ್ಷ, ರಾಣಿ ಗತಿಸಿ 34 ವರ್ಷ, ಬ್ರೆಗೆ ಗತಿಸಿ ನಾಲ್ಕು ವರ್ಷ ಕಳೆದಿದ್ದವು. ಪೂರ್ಣಗೊಂಡ ಗಡಿಯಾರವನ್ನು ರಾಣಿಯೂ ನೋಡಲಿಲ್ಲ, ಬ್ರೆಗೆಯೂ ನೋಡಲಿಲ್ಲ.

ಗಡಿಯಾರಗಳ ಪರಿಭಾಷೆಯಲ್ಲಿ ಗಂಟೆ, ನಿಮಿಷ, ಸೆಕೆಂಡುಗಳನ್ನು ತೋರಿಸುವುದರ ಆಚೆಗೆ ಯಂತ್ರ ಮಾಡುವ ಪ್ರತಿಯೊಂದು ಕೆಲಸಕ್ಕೂ 'ಕಾಂಪ್ಲಿಕೇಷನ್' ಎಂದು ಹೆಸರು. ಗಂಟೆ ಬಾರಿಸುವುದು, ಪಂಚಾಂಗ ತೋರಿಸುವುದು, ಅಲ್ಪಾವಧಿಯನ್ನು ಬೇರೆಯಾಗಿ ಅಳೆಯುವುದು ಎಂಬ ಮೂರು ಬಗೆಯ ಕಾರ್ಯಗಳೂ ಉನ್ನತ ರೂಪದಲ್ಲಿ ಒಂದೇ ಕವಚದೊಳಗೆ ಸೇರಿದರೆ ಅದನ್ನು 'ಗ್ರ್ಯಾಂಡ್ ಕಾಂಪ್ಲಿಕೇಷನ್' ಎನ್ನುವುದು ರೂಢಿ. ಬ್ರೆಗೆಯ 160ನೆಯ ಗಡಿಯಾರದಲ್ಲಿ 823 ಬಿಡಿಭಾಗಗಳಿವೆ. ನಡೆದಾಡುವವನ ಚಲನೆಯಿಂದಲೇ ಅದಕ್ಕೆ ಕೀಲಿ ತುಂಬಿಕೊಳ್ಳುತ್ತದೆ. ನಿಮಿಷದ ತನಕ ಹೊತ್ತನ್ನು ಬಾರಿಸಿ ಹೇಳುವ ಏರ್ಪಾಡು, ನಿರಂತರ ಪಂಚಾಂಗ, ಸೂರ್ಯನ ಸಮಯಕ್ಕೂ ಗಡಿಯಾರದ ಸಮಯಕ್ಕೂ ಇರುವ ಅಂತರದ ಸೂಚಿ, ಕೀಲಿ ಎಷ್ಟು ಉಳಿದಿದೆಯೆಂಬುದರ ಸೂಚಿ, ಉಷ್ಣತಾಮಾಪಕ ಎಲ್ಲವೂ ಅದರಲ್ಲಿವೆ. ಮುಖಕ್ಕೆ ಪಾರದರ್ಶಕ ಸ್ಫಟಿಕವನ್ನು ಅಳವಡಿಸಿರುವುದರಿಂದ ಒಳಗಿನ ಯಂತ್ರವೇ ನೋಟಕ್ಕೆ ತೆರೆದುಕೊಳ್ಳುತ್ತದೆ.

ಇವುಗಳಲ್ಲಿ ಮೂರನ್ನು ಕೊಂಚ ವಿವರವಾಗಿ ನೋಡುವುದು ಉಚಿತ. ಹೊತ್ತನ್ನು ಬಾರಿಸುವ ಏರ್ಪಾಡು ಹುಟ್ಟಿದ್ದು ವಿದ್ಯುದ್ದೀಪಗಳಿಲ್ಲದ ಕಾಲದಲ್ಲಿ. ಕತ್ತಲೆಯಲ್ಲಿ ಸನ್ನೆಯೊಂದನ್ನು ಸರಿಸಿದರೆ ಪುಟ್ಟ ಸುತ್ತಿಗೆಗಳು ಒಳಗಿನ ಉಕ್ಕಿನ ತಂತಿಗಳನ್ನು ಬಡಿದು, ಮಂದ್ರ ನಾದದಲ್ಲಿ ಗಂಟೆಗಳನ್ನೂ ಜೋಡಿ ನಾದದಲ್ಲಿ ಕಾಲು ಗಂಟೆಗಳನ್ನೂ ತಾರ ನಾದದಲ್ಲಿ ಉಳಿದ ನಿಮಿಷಗಳನ್ನೂ ಎಣಿಸುತ್ತವೆ. ನಿರಂತರ ಪಂಚಾಂಗದ ಹೃದಯದಲ್ಲಿರುವುದು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುವ ಚಕ್ರ. ಅದರ ಅಂಚಿನಲ್ಲಿ 48 ತಿಂಗಳುಗಳಿಗೆ 48 ಸ್ಥಾನಗಳು. 31 ದಿನಗಳ ತಿಂಗಳಿಗೆ ಎತ್ತರದ ಅಂಚು, 30ಕ್ಕೆ ಸಣ್ಣ ತಗ್ಗು, ಫೆಬ್ರವರಿಗೆ ಆಳವಾದ ತಗ್ಗು, ಅಧಿಕವರ್ಷದ ಫೆಬ್ರವರಿಗೆ ಅದಕ್ಕಿಂತ ತುಸು ಕಡಿಮೆ ಆಳ. ಆ ತಗ್ಗುಗಳನ್ನು ಮುಟ್ಟಿ ನೋಡುವ ಸನ್ನೆಯೇ ತಿಂಗಳ ಕೊನೆಯನ್ನು ನಿರ್ಣಯಿಸುತ್ತದೆ. ಮೂರನೆಯದು ಕಾಲಸಮೀಕರಣ. ಸೂರ್ಯ ನೆತ್ತಿಗೆ ಬರುವ ಹೊತ್ತು ಗಡಿಯಾರದ ಹನ್ನೆರಡಕ್ಕೆ ಸರಿಹೊಂದುವುದು ವರ್ಷದಲ್ಲಿ ನಾಲ್ಕು ದಿನ ಮಾತ್ರ. ನವೆಂಬರಿನ ಆರಂಭದಲ್ಲಿ ಸೂರ್ಯ ಸುಮಾರು 16 ನಿಮಿಷ ಮುಂದಿರುತ್ತಾನೆ, ಫೆಬ್ರವರಿಯ ನಡುವೆ ಸುಮಾರು 14 ನಿಮಿಷ ಹಿಂದಿರುತ್ತಾನೆ. ಈ ಏರಿಳಿತವನ್ನೆಲ್ಲ ವರ್ಷಕ್ಕೊಮ್ಮೆ ತಿರುಗುವ, ಮೂತ್ರಪಿಂಡದ ಆಕಾರದ ಒಂದು ಪುಟ್ಟ ಬಿಲ್ಲೆಯ ಅಂಚಿನಲ್ಲಿ ಕುಶಲಕರ್ಮಿ ಕೊರೆದಿಡುತ್ತಾನೆ.

ಜೈನ ತತ್ತ್ವಶಾಸ್ತ್ರ ಕಾಲವನ್ನು ನಿಶ್ಚಯಕಾಲವೆಂದೂ ವ್ಯವಹಾರಕಾಲವೆಂದೂ ಎರಡಾಗಿ ವಿಂಗಡಿಸುತ್ತದೆ. ದ್ರವ್ಯಗಳ ಪರಿಣಮನಕ್ಕೆ ನಿಮಿತ್ತವಾದುದು ನಿಶ್ಚಯಕಾಲ. ಗಳಿಗೆ, ಮುಹೂರ್ತ, ದಿನ, ಮಾಸಗಳಾಗಿ ಎಣಿಕೆಗೆ ಸಿಕ್ಕುವುದು ವ್ಯವಹಾರಕಾಲ. ಎಷ್ಟು ಸಂಕೀರ್ಣವಾದರೂ ಗಡಿಯಾರ ಮುಟ್ಟಬಲ್ಲದ್ದು ಎರಡನೆಯದನ್ನು ಮಾತ್ರ. ಆ ವ್ಯವಹಾರಕಾಲವನ್ನು ಪ್ರಾಚೀನ ಗ್ರಂಥಕಾರರು ಎಣಿಸಿದ ಕ್ರಮ ಇಲ್ಲಿ ನೆನಪಿಗೆ ಬರುವಂಥದ್ದು. ಆರೋಗ್ಯವಂತನಾದ ಮನುಷ್ಯನ ಏಳು ಉಚ್ಛ್ವಾಸಗಳಿಗೆ ಒಂದು ಸ್ತೋಕ, ಏಳು ಸ್ತೋಕಗಳಿಗೆ ಒಂದು ಲವ, 77 ಲವಗಳಿಗೆ ಒಂದು ಮುಹೂರ್ತ. ಅಂದರೆ 48 ನಿಮಿಷಗಳ ಒಂದು ಮುಹೂರ್ತಕ್ಕೆ 3773 ಉಸಿರುಗಳು. ಅಳೆಯುವವನ ಆಯುಷ್ಯವೇ ಇಲ್ಲಿ ಅಳತೆಗೋಲು. ಎಣಿಸಿದಷ್ಟೂ ಅದು ಮುಗಿಯುತ್ತ ಹೋಗುತ್ತದೆಂಬ ಅರಿವು ಲೆಕ್ಕದೊಳಗೇ ಸೇರಿಕೊಂಡಿದೆ. ಯುರೋಪಿನ ಮಹಾಗಡಿಯಾರಗಳ ಕಥೆಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಿದರೆ ಅವುಗಳ ಒಡೆಯರ ಬದುಕು ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಥ ಗಡಿಯಾರಗಳನ್ನು ಮಾಡಿಸುವವರು ರಾಜರಿಗಿಂತ ಹೆಚ್ಚಾಗಿ ಹೊಸ ಶ್ರೀಮಂತರಾಗಿದ್ದರು. ರಿಯೊ ಡಿ ಜನೈರೊದಲ್ಲಿ ಹುಟ್ಟಿ, ಪೋರ್ಚುಗಲ್ಲಿನಲ್ಲಿ ನೆಲೆಸಿದ್ದ ಆಂತೋನಿಯು ಆಗುಸ್ತು ದಿ ಕಾರ್ವಾಲ್ಯು ಮೊಂತೈರು ಅಂಥವರಲ್ಲೊಬ್ಬ. ಸಿಂತ್ರದಲ್ಲಿ ಸುರಂಗಗಳೂ ಬಾವಿಗೋಪುರಗಳೂ ಇರುವ ಸೌಧವನ್ನು ಕಟ್ಟಿಸಿದವನು, ಚಿಟ್ಟೆಗಳನ್ನೂ ಮಹಾಕವಿ ಕಮೊಯಿಂಶನ ಕೃತಿಗಳನ್ನೂ ಸಂಗ್ರಹಿಸಿದವನು. ಅವನು 1897ರಲ್ಲಿ ಲೆರ್ವಾ ಸಂಸ್ಥೆಗೆ ಬೇಡಿಕೆಯಿತ್ತು, 1904ರಲ್ಲಿ ಪಡೆದ ಗಡಿಯಾರದಲ್ಲಿ ನಕ್ಷತ್ರಪಟಗಳಿದ್ದವು. ಅವನು ಬಾಳಿದ ಲಿಸ್ಬನ್ನಿನ ಆಕಾಶ ಒಂದರಲ್ಲಿ, ಹುಟ್ಟಿದ ರಿಯೊದ ದಕ್ಷಿಣದ ಆಕಾಶ ಇನ್ನೊಂದರಲ್ಲಿ. ಸಾಗರದ ಎರಡು ದಡಗಳ ರಾತ್ರಿಗಳನ್ನು ಒಬ್ಬನು ಕಿಸೆಯಲ್ಲಿಟ್ಟುಕೊಂಡು ತಿರುಗಬಹುದಾಗಿತ್ತು. 1920ರಲ್ಲಿ ಅವನು ಗತಿಸಿದನು. ಇಂದು ಆ ಗಡಿಯಾರ ಫ್ರಾನ್ಸಿನ ಬೆಸಾಂಸೊನ್ ನಗರದ ಕಾಲ ವಸ್ತುಸಂಗ್ರಹಾಲಯದಲ್ಲಿದೆ.

ತನ್ನದೇ ಆಕಾಶ ಬೇಕೆಂಬ ಈ ಬಯಕೆ ಅಟ್ಲಾಂಟಿಕ್ ದಾಟಿ ಅಮೆರಿಕವನ್ನೂ ತಲುಪಿತು. ಓಹಾಯೊ ರಾಜ್ಯದ ವಾರೆನ್ ಎಂಬ ಊರಿನ ಜೇಮ್ಸ್ ವಾರ್ಡ್ ಪ್ಯಾಕರ್ಡ್ ಎಂಜಿನಿಯರ್. ವಿದ್ಯುದ್ದೀಪಗಳನ್ನು ತಯಾರಿಸಿ, 1899ರಲ್ಲಿ ತನ್ನ ಹೆಸರಿನ ಮೋಟಾರು ಕಾರನ್ನು ರಸ್ತೆಗಿಳಿಸಿದವನು. ಗಡಿಯಾರಗಳಲ್ಲಿ ಅವನ ಆಸಕ್ತಿ ಯಂತ್ರಜ್ಞನದು. ಜಿನೀವಾದ ಪಟೆಕ್ ಫಿಲಿಪ್ ಸಂಸ್ಥೆಗೆ ಅವನು ಒಂದಾದ ಮೇಲೊಂದು ಸಮಸ್ಯೆಯನ್ನು ಒಡ್ಡುತ್ತ ಹೋದನು. ತಾಯಿಗೆ ಪ್ರಿಯವಾಗಿದ್ದ ಜೋಗುಳದ ಧಾಟಿಯನ್ನು ನುಡಿಸುವ ಗಡಿಯಾರವನ್ನು ಮಾಡಿಸಿಕೊಂಡನು. ಆ ಧಾಟಿ ಗೊದಾರ್ ರಚಿಸಿದ 'ಜೊಸ್ಲೆನ್' ಗೀತನಾಟಕದ್ದು. 1927ರಲ್ಲಿ ಅವನ ಕೈಸೇರಿದ ಗಡಿಯಾರದ ಹಿಂಬದಿಯಲ್ಲಿ ವಾರೆನ್ ಊರಿನ ಮೇಲೆ ಕಾಣುವ 500 ನಕ್ಷತ್ರಗಳು ಚಿನ್ನದ ಚುಕ್ಕೆಗಳಾಗಿ ಮೂಡಿದ್ದವು. ಆ ವೇಳೆಗೆ ಪ್ಯಾಕರ್ಡ್ ರೋಗಿಯಾಗಿದ್ದನು. ಕ್ಲೀವ್‌ಲೆಂಡಿನ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆದು, 1928ರ ಮಾರ್ಚ್‌ನಲ್ಲಿ ಕಣ್ಮುಚ್ಚಿದನು. ಮನೆಯ ಮೇಲಿನ ಆಕಾಶವನ್ನು ಮಾಡಿಸಿಕೊಂಡವನಿಗೆ ಆ ಮನೆಗೆ ಹಿಂದಿರುಗುವ ಆಯುಷ್ಯ ಉಳಿದಿರಲಿಲ್ಲ.

ನ್ಯೂಯಾರ್ಕಿನ ಧನಿಕ ಹೆನ್ರಿ ಗ್ರೇವ್ಸ್ 1925ರಲ್ಲಿ ಅದೇ ಪಟೆಕ್ ಫಿಲಿಪ್ ಸಂಸ್ಥೆಗೆ ಇನ್ನೂ ದೊಡ್ಡ ಬೇಡಿಕೆಯನ್ನು ಸಲ್ಲಿಸಿದನು: ಹಿಂದೆ ಯಾರಿಗೂ ಮಾಡಿಕೊಡದಷ್ಟು ಸಂಕೀರ್ಣವಾದ ಗಡಿಯಾರ ತನಗೆ ಬೇಕು. ಮೂರು ವರ್ಷಗಳ ಯೋಜನೆ, ಐದು ವರ್ಷಗಳ ರಚನೆಯ ಬಳಿಕ 1933ರ ಜನವರಿಯಲ್ಲಿ ಅದು ಅವನ ಕೈಸೇರಿತು. 24 ಕಾಂಪ್ಲಿಕೇಷನ್‌ಗಳು, 920 ಬಿಡಿಭಾಗಗಳು, ಅರ್ಧ ಕಿಲೋಗ್ರಾಮಿಗೂ ಮೀರಿದ ತೂಕ, 60,000 ಸ್ವಿಸ್ ಫ್ರಾಂಕ್ ಬೆಲೆ. ನ್ಯೂಯಾರ್ಕಿನ ಸೂರ್ಯೋದಯ ಸೂರ್ಯಾಸ್ತಗಳನ್ನು ಅದು ತೋರಿಸುತ್ತಿತ್ತು. ಹಿಂಬದಿಯಲ್ಲಿ ಆ ನಗರದ ಆಕಾಶ, ನಕ್ಷತ್ರಗಳ ದಿನಕ್ಕೆ ತಕ್ಕಂತೆ 23 ಗಂಟೆ 56 ನಿಮಿಷ 4 ಸೆಕೆಂಡುಗಳಿಗೆ ಒಂದು ಸುತ್ತು ತಿರುಗುತ್ತಿತ್ತು. ಪ್ಯಾಕರ್ಡ್ ಮತ್ತು ಗ್ರೇವ್ಸ್ ನಡುವೆ ಜಿದ್ದಾಜಿದ್ದಿ ಇತ್ತೆಂಬ ಕಥೆ ಮುಂದೆ ಬೆಳೆದುಬಂದಿತು. ಆ ಕಥೆಯನ್ನು ಒಪ್ಪುವುದಾದರೂ ಗ್ರೇವ್ಸನ ಗೆಲುವಿನಲ್ಲೊಂದು ಶೂನ್ಯವಿದೆ. ಗಡಿಯಾರ ಪೂರ್ಣಗೊಳ್ಳುವ ಹೊತ್ತಿಗೆ ಪ್ಯಾಕರ್ಡ್ ಗತಿಸಿ ಐದು ವರ್ಷಗಳಾಗುತ್ತ ಬಂದಿದ್ದವು.

ಪಂಪನ 'ಆದಿಪುರಾಣ'ವನ್ನು ಓದಿದವರಿಗೆ ಇಲ್ಲಿ ಒಂದು ಸನ್ನಿವೇಶ ನೆನಪಾಗದಿರದು. ಷಟ್ಖಂಡಗಳನ್ನು ಗೆದ್ದ ಭರತ ಚಕ್ರವರ್ತಿ ತನ್ನ ಪ್ರಶಸ್ತಿಯನ್ನು ಕೊರೆಯಿಸಲೆಂದು ವೃಷಭಾಚಲಕ್ಕೆ ಬರುತ್ತಾನೆ. ತನಗೆ ಮುನ್ನ ಯಾರೂ ಇಂಥ ವಿಜಯವನ್ನು ಪಡೆದಿಲ್ಲವೆಂಬುದು ಅವನ ಎಣಿಕೆ. ಹತ್ತಿರ ಬಂದು ನೋಡಿದರೆ ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿ, ಒಂದು ಸಾಲಿಗೂ ತೆರಪಿಲ್ಲ. ಅವನ ಗರ್ವ ಕರಗುತ್ತದೆ. ಆದರೂ ಒಂದು ಹಳೆಯ ಹೆಸರನ್ನು ಅಳಿಸಿ, ಆ ಜಾಗದಲ್ಲಿ ತನ್ನದನ್ನು ಬರೆಯಿಸುತ್ತಾನೆ. ಗರ್ವ ಕರಗಿದ ಮೇಲೂ ಕೈ ತನ್ನ ಕೆಲಸವನ್ನು ಬಿಡಲಿಲ್ಲವೆಂಬುದು ಈ ಸನ್ನಿವೇಶದ ಸೂಕ್ಷ್ಮ. ತನ್ನ ಹೆಸರನ್ನೂ ಒಂದು ದಿನ ಯಾರಾದರೂ ಹೀಗೆಯೇ ಅಳಿಸಬಹುದೆಂಬುದು ತಿಳಿಯದಷ್ಟು ಅಜ್ಞನಲ್ಲ ಭರತ.

ಗ್ರೇವ್ಸನ ಗಡಿಯಾರದ ಮುಂದಿನ ಚರಿತ್ರೆ ಅಂಥ ಬೆಟ್ಟದ ಚರಿತ್ರೆಯೇ. 1953ರಲ್ಲಿ ಅವನು ಗತಿಸಿದ ಬಳಿಕ ಅದು ಮಗಳಿಗೆ, ಅನಂತರ ಮೊಮ್ಮಗನಿಗೆ ಬಂದಿತು. 1969ರಲ್ಲಿ ಇಲಿನಾಯ್ ರಾಜ್ಯದ ಉದ್ಯಮಿ ಸೆತ್ ಆಟ್‌ವುಡ್ ಅದನ್ನು 2,00,000 ಡಾಲರುಗಳಿಗೆ ಕೊಂಡು, ರಾಕ್‌ಫರ್ಡಿನಲ್ಲಿ ತಾನು ಸ್ಥಾಪಿಸಿದ ಕಾಲದ ವಸ್ತುಸಂಗ್ರಹಾಲಯದಲ್ಲಿ ಇರಿಸಿದನು. ಆ ಸಂಗ್ರಹಾಲಯ 1999ರಲ್ಲಿ ಮುಚ್ಚಿತು. ಅದೇ ವರ್ಷ ನ್ಯೂಯಾರ್ಕಿನ ಹರಾಜಿನಲ್ಲಿ ಗಡಿಯಾರ 1 ಕೋಟಿ 10 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಅದನ್ನು ಪಡೆದವನು ಕತಾರಿನ ರಾಜವಂಶದ, ಜಗತ್ಪ್ರಸಿದ್ಧ ಕಲಾಸಂಗ್ರಾಹಕ ಶೇಖ್ ಸೌದ್ ಬಿನ್ ಮೊಹಮ್ಮದ್ ಅಲ್ ಥಾನಿ. 2014ರ ನವೆಂಬರ್ 11ರಂದು ಜಿನೀವಾದಲ್ಲಿ ಅದು ಮತ್ತೆ ಹರಾಜಿಗೆ ಬಂದು 2 ಕೋಟಿ 32 ಲಕ್ಷ ಸ್ವಿಸ್ ಫ್ರಾಂಕುಗಳನ್ನು ಮೀರಿದ ಬೆಲೆಯನ್ನು ತಂದಿತು. ಅದಕ್ಕೆ ಎರಡು ದಿನಗಳ ಹಿಂದೆ, ನವೆಂಬರ್ 9ರಂದು, ಶೇಖ್ ಸೌದ್ ತೀರಿಕೊಂಡಿದ್ದನು. ಕೊಂಡವನ ಹೆಸರು ಪ್ರಕಟವಾಗಲಿಲ್ಲ. ನ್ಯೂಯಾರ್ಕಿನ ಒಬ್ಬನೇ ಮನುಷ್ಯನಿಗಾಗಿ ಬರೆದ ಆಕಾಶ ಇಷ್ಟು ಕೈಗಳನ್ನು ದಾಟುತ್ತ ಬಂದಿದ್ದರೂ ಈಗಲೂ ನ್ಯೂಯಾರ್ಕಿನ ಸೂರ್ಯಾಸ್ತವನ್ನೇ ತೋರಿಸುತ್ತದೆ.

ಗ್ರೇವ್ಸನಿಗೆ ಈ ಗಡಿಯಾರ ಸುಖ ತಂದಿತೆನ್ನಲಾಗದು. ಅವನ ಇಬ್ಬರು ಗಂಡುಮಕ್ಕಳು ಮೋಟಾರು ಅಪಘಾತಗಳಲ್ಲಿ ಸತ್ತರು. ಗಡಿಯಾರದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಅಪರಿಚಿತರ ಕಾಟ ಹೆಚ್ಚಿತು. ಒಮ್ಮೆ ಮಗಳೊಡನೆ ದೋಣಿಯಲ್ಲಿ ಸರೋವರದ ಮಧ್ಯದಲ್ಲಿದ್ದಾಗ ಅವನು ಗಡಿಯಾರವನ್ನು ಹೊರತೆಗೆದು ನೀರಿಗೆಸೆಯಲು ಮುಂದಾದನೆಂದೂ, ಮಗಳು ತಡೆದು ತನ್ನ ವಶಕ್ಕೆ ತೆಗೆದುಕೊಂಡಳೆಂದೂ ಒಂದು ಕಥೆ ಉಳಿದುಬಂದಿದೆ. ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ' ಪರಿಗ್ರಹವನ್ನು ನಿರೂಪಿಸುವಾಗ ವಸ್ತುವಿನ ಮಾತನ್ನೇ ಎತ್ತದೆ, ಮೂರ್ಛೆಯ ಮಾತನ್ನಾಡುತ್ತದೆ. ಇದು ನನ್ನದು ಎಂದು ಅಂಟಿಕೊಳ್ಳುವ ಚಿತ್ತದ ಮಂಕು ಆ ಮೂರ್ಛೆ. ದೋಣಿಯಲ್ಲಿ ಕುಳಿತ ಆ ಮುದುಕನ ಕೈ ಎತ್ತಿದ ಕ್ಷಣ ಈ ನಿರೂಪಣೆಗೆ ಒಳ್ಳೆಯ ನಿದರ್ಶನ. ಎಸೆದಿದ್ದರೆ ವಸ್ತು ಹೋಗುತ್ತಿತ್ತು. ಅದರ ಬಗೆಗಿನ ಬೇಸರವೂ ಮೋಹದಷ್ಟೇ ಬಿಗಿಯಾದ ಬಂಧವೆಂಬುದು ಮಾತ್ರ ಹಾಗೆಯೇ ಉಳಿಯುತ್ತಿತ್ತು.

ರಾಣಿಯ ಗಡಿಯಾರದ ದಾರಿ ಇದಕ್ಕಿಂತ ಭಿನ್ನ. ಫ್ರಾನ್ಸಿನ ಒಬ್ಬ ಶ್ರೀಮಂತ ಕುಲೀನ ಅದನ್ನು 1838ರಲ್ಲಿ ದುರಸ್ತಿಗೆಂದು ಬ್ರೆಗೆ ಸಂಸ್ಥೆಗೆ ತಂದುಕೊಟ್ಟವನು ಮರಳಿ ಒಯ್ಯಲು ಬರಲೇ ಇಲ್ಲ. 1887ರವರೆಗೆ ಅದು ಅಲ್ಲಿಯೇ ಉಳಿದು, ಅನಂತರ ಇಂಗ್ಲೆಂಡಿಗೆ ಮಾರಾಟವಾಯಿತು. 1917ರಲ್ಲಿ ಅದನ್ನು ಪಡೆದವನು ಸರ್ ಡೇವಿಡ್ ಲಯನೆಲ್ ಸಾಲೊಮನ್ಸ್. ಮನೆಗೆ ವಿದ್ಯುತ್ತನ್ನು ತಂದ ಮೊದಲಿಗರಲ್ಲಿ ಒಬ್ಬ, 1895ರಲ್ಲಿ ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಕುದುರೆಯಿಲ್ಲದ ಬಂಡಿಗಳ ಪ್ರದರ್ಶನ ನಡೆಸಿದವನು. ಬ್ರೆಗೆಯ ಕೃತಿಗಳನ್ನು ನೂರಕ್ಕೂ ಮಿಕ್ಕು ಕೂಡಿಸಿ, 1921ರಲ್ಲಿ ಅವನ ಕುರಿತು ಗ್ರಂಥವನ್ನೂ ಪ್ರಕಟಿಸಿದನು. ಅವನ ಒಬ್ಬನೇ ಮಗ 1915ರಲ್ಲಿ ಗಲ್ಲಿಪೊಲಿಯ ಬಳಿ ಹಡಗು ಮುಳುಗಿ ಮಡಿದಿದ್ದನು. 1925ರಲ್ಲಿ ಸಾಲೊಮನ್ಸ್ ತೀರಿಕೊಂಡಾಗ 160ನೆಯ ಗಡಿಯಾರ ಮಗಳು ವೆರಾಗೆ ಬಂದಿತು.

ಈ ಕಥೆಯಲ್ಲಿ ಬೇರೊಂದು ದಾರಿ ಹಿಡಿದವಳು ಈ ವೆರಾ ಸಾಲೊಮನ್ಸ್. ಆಕೆ ಜೆರೂಸಲೇಮಿನಲ್ಲಿ ಇಸ್ಲಾಮಿ ಕಲೆಯ ವಸ್ತುಸಂಗ್ರಹಾಲಯವೊಂದನ್ನು ಸ್ಥಾಪಿಸಲು ಧನವಿತ್ತು, ತಂದೆಯ ಗಡಿಯಾರಗಳನ್ನೂ ಅದಕ್ಕೇ ಸಲ್ಲಿಸಿದಳು. 1969ರಲ್ಲಿ ತೀರಿಕೊಂಡ ಆಕೆ 1974ರಲ್ಲಿ ತೆರೆದ ಆ ಸಂಸ್ಥೆಯನ್ನು ನೋಡಲಿಲ್ಲ. ಅದಕ್ಕೆ ತನ್ನ ಹೆಸರನ್ನಾಗಲಿ ತಂದೆಯ ಹೆಸರನ್ನಾಗಲಿ ಇಡದೆ, ತಾನು ಗೌರವಿಸುತ್ತಿದ್ದ ವಿದ್ವಾಂಸ ಎಲ್. ಎ. ಮೇಯರನ ಹೆಸರನ್ನಿಟ್ಟಳು. ವೃಷಭಾಚಲದ ಮುಂದೆ ನಿಂತು ತನ್ನ ಹೆಸರಿಗೆ ಬದಲಾಗಿ ಗುರುವಿನ ಹೆಸರನ್ನು ಬರೆಯಿಸಿದಂತೆ ಇದು.

ದಾನವೂ ವಸ್ತುವಿಗೆ ರಕ್ಷೆಯಾಗಲಿಲ್ಲ. 1983ರ ಏಪ್ರಿಲ್ 15ರ ರಾತ್ರಿ ನುರಿತ ಕಳ್ಳನೊಬ್ಬ ಕಿಟಕಿಯ ಸರಳುಗಳನ್ನು ಬಾಗಿಸಿ ಒಳಹೊಕ್ಕು 106 ಗಡಿಯಾರಗಳನ್ನೂ ಕಾಲಮಾಪಕಗಳನ್ನೂ ಕದ್ದೊಯ್ದನು. ಅವುಗಳಲ್ಲಿ 160ನೆಯದೂ ಇತ್ತು. ಅಷ್ಟು ಪ್ರಸಿದ್ಧವಾದುದನ್ನು ಮಾರುವಂತಿರಲಿಲ್ಲ, ತೋರಿಸುವಂತೆಯೂ ಇರಲಿಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ ಅದು ಕತ್ತಲೆಯಲ್ಲಿಯೇ ಉಳಿಯಿತು. 2004ರಲ್ಲಿ ಸಾಯುವ ಮುನ್ನ ಅವನು ಹೆಂಡತಿಗೆ ವಿಷಯ ತಿಳಿಸಿದನು. 2006ರಲ್ಲಿ ವಕೀಲರೊಬ್ಬರ ಮೂಲಕ ಸುಳಿವು ಸಿಕ್ಕಿ, ಬಹುಪಾಲು ಗಡಿಯಾರಗಳು ಕಾಲಕ್ರಮದಲ್ಲಿ ಸಂಗ್ರಹಾಲಯಕ್ಕೆ ಮರಳಿದವು. ಯಾರಿಗೂ ತೋರಿಸದೆ, ತಾನೂ ಬಳಸದೆ ಹಿಡಿದಿಟ್ಟುಕೊಂಡ ಕಳ್ಳನು, ಒಡೆತನವೆಂಬುದರಿಂದ ಉಳಿದೆಲ್ಲವನ್ನೂ ಕಳೆದರೆ ಏನು ಉಳಿಯುತ್ತದೆಂಬುದನ್ನು ತೋರಿಸಿಕೊಟ್ಟನು.

ಇಷ್ಟಾದರೂ ಸಂಗ್ರಾಹಕರನ್ನು ಪರಿಗ್ರಹಿಗಳೆಂದು ದೂರಿ ಮುಗಿಸಿದರೆ ನ್ಯಾಯವಾಗದು. ಅವರ ಹಂಬಲವಿಲ್ಲದಿದ್ದರೆ ಈ ಯಂತ್ರಗಳೇ ಹುಟ್ಟುತ್ತಿರಲಿಲ್ಲ. ಕಾಲಸಮೀಕರಣದ ಬಿಲ್ಲೆಯನ್ನು ಕೊರೆಯುವ ಕೈಗಳಿಗೆ ಅನ್ನವೂ ಅಭ್ಯಾಸವೂ ದೊರೆತದ್ದು ಅವರಿಂದ. ಪ್ರಶ್ನೆ ಇರುವುದು ಆ ಹಂಬಲ ಎತ್ತ ಹರಿಯುತ್ತದೆಂಬಲ್ಲಿ. ಹತ್ತನೆಯ ಶತಮಾನದ ಕರ್ನಾಟಕದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆಯೂ ಸಿರಿವಂತೆ, ಕುಶಲಿಗಳ ಕೈಗಳಿಗೆ ಕೆಲಸವಿತ್ತವಳು. ಗ್ರೇವ್ಸನ ವಸ್ತುವಿಗೆ ಬೆಲೆ ಬಂದದ್ದು ಅಂಥದು ಇನ್ನೊಂದಿಲ್ಲವೆಂಬುದರಿಂದ. ಅತ್ತಿಮಬ್ಬೆಯ ಕೀರ್ತಿ ನಿಂತದ್ದು ಒಂದು ಸಾವಿರವಾದುದರಿಂದ. 160ನೆಯ ಗಡಿಯಾರ ಕಾಣೆಯಾಗಿದ್ದ ಕಾಲದಲ್ಲಿ ಬ್ರೆಗೆ ಸಂಸ್ಥೆಯ ಕುಶಲಿಗಳು ಹಳೆಯ ದಾಖಲೆಗಳನ್ನೂ ಚಿತ್ರಗಳನ್ನೂ ಅಭ್ಯಾಸ ಮಾಡಿ ಅದರ ಪ್ರತಿಕೃತಿಯನ್ನು ಕಟ್ಟತೊಡಗಿ, 2008ರಲ್ಲಿ ಪ್ರದರ್ಶಿಸಿದರು. ಅದರ ಪೆಟ್ಟಿಗೆಯನ್ನು ವರ್ಸೈ ಉದ್ಯಾನದಲ್ಲಿ ರಾಣಿಗೆ ಪ್ರಿಯವಾಗಿದ್ದ ಓಕ್ ಮರದ ಕಟ್ಟಿಗೆಯಿಂದ ಮಾಡಲಾಗಿತ್ತು. ಕಳ್ಳನ ಕೈಗೆ ಸಿಕ್ಕದೆ ಉಳಿದದ್ದು ಆ ಅರಿವು. ಅದು ಪ್ರತಿಯಾಗಬಲ್ಲದು, ಕೈಯಿಂದ ಕೈಗೆ ಹೋದರೂ ಕೊಟ್ಟವನಲ್ಲಿ ಕಡಿಮೆಯಾಗದು.

ನಿರಂತರ ಪಂಚಾಂಗವೆಂಬ ಹೆಸರಿನಲ್ಲಿ ತುಸು ಅತಿಶಯೋಕ್ತಿಯಿದೆ. ಶತಮಾನವನ್ನು ಮುಗಿಸುವ ವರ್ಷಗಳಲ್ಲಿ 400ರಿಂದ ಭಾಗವಾಗುವಂಥವು ಮಾತ್ರ ಅಧಿಕವರ್ಷಗಳು. ನಾಲ್ಕು ವರ್ಷಗಳ ಚಕ್ರಕ್ಕೆ ಅದು ತಿಳಿಯದು. 2100ರ ಫೆಬ್ರವರಿ 28ರ ಮಧ್ಯರಾತ್ರಿ ಜೆರೂಸಲೇಮಿನಲ್ಲಿರುವ ರಾಣಿಯ ಗಡಿಯಾರವೂ, ಆಗ ಎಲ್ಲಿರುವುದೋ ಆ ಗ್ರೇವ್ಸನ ಗಡಿಯಾರವೂ ನಡೆಯುತ್ತಿದ್ದರೆ, ಇಲ್ಲದ 29ನೆಯ ತಾರೀಖನ್ನು ತೋರಿಸುತ್ತವೆ. ಮರುದಿನ ಬೆಳಿಗ್ಗೆ ಒಬ್ಬರು ಕವಚವನ್ನು ತೆರೆದು, ಸೂಚಿಯನ್ನು ಒಂದು ದಿನ ಮುಂದಕ್ಕೆ ತಳ್ಳಬೇಕಾಗುತ್ತದೆ. ಆ ಕೆಲಸಕ್ಕೆ ಬೇಕಾಗುವುದು ಒಡೆಯನ ಹೆಸರಲ್ಲ, ಯಂತ್ರವನ್ನು ಬಲ್ಲ ಒಂದು ಕೈ.